ಪರಮಪ್ರಸಾದಕ್ಕೆ ಮೊದಲಿನ ಆರು ತಿಂಗಳು

ರುವಾಂಡಾ ದೇಶದ ನೈಋತ್ಯ ತುದಿಯಲ್ಲಿ, ಕಾಂಗೋ ಗಡಿಗೆ ಹತ್ತಿರ, ಮುಶಾಕಾ ಎಂಬ ಕ್ಯಾಥೊಲಿಕ್ ಧರ್ಮಕೇಂದ್ರವಿದೆ. 1994ರ ನರಮೇಧದಲ್ಲಿ ನೆರೆಹೊರೆಯವರನ್ನು ಕೊಂದು, ಶಿಕ್ಷೆ ಮುಗಿಸಿ ಊರಿಗೆ ಮರಳಿದವರಿಗೆ ಅಲ್ಲಿ ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಕೂಡಲೇ ಸಿಗುವುದಿಲ್ಲ. ನ್ಯಾಯಾಲಯದ ಲೆಕ್ಕ ತೀರಿದ್ದರೂ ಅಷ್ಟೆ, ಗುರುಗಳ ಬಳಿ ಗುಟ್ಟಾಗಿ ಪಾಪನಿವೇದನೆ ಮಾಡಿಕೊಂಡಿದ್ದರೂ ಅಷ್ಟೆ. ಮೊದಲು ಆರು ತಿಂಗಳ ಬೋಧನೆಗೆ ಕೂರಬೇಕು. ತಾನು ಯಾರನ್ನು ಕೊಂದನೋ ಆ ಮನೆಯಲ್ಲಿ ಉಳಿದವರ ಎದುರು ನಿಂತು, ಮಾಡಿದ್ದನ್ನು ಹೇಳಿ, ಕ್ಷಮೆ ಕೇಳಬೇಕು. ಅವರು ಒಪ್ಪಿದರೆ ಇಬ್ಬರೂ ಇಡೀ ಸಭೆಯ ಮುಂದೆ ಒಟ್ಟಿಗೆ ನಿಲ್ಲಬೇಕು. ಪರಮಪ್ರಸಾದ ಆಮೇಲಿನದು.

ಪ್ರತಿ ವರ್ಷ ಏಪ್ರಿಲ್ ಬಂದಾಗ ರುವಾಂಡಾದಿಂದ ಕ್ಷಮೆಯ ಸುದ್ದಿಗಳು ಬರುತ್ತವೆ. ಕೊಂದವನೂ ಬದುಕುಳಿದವಳೂ ಅಕ್ಕಪಕ್ಕ ನಿಂತ ಚಿತ್ರ ಅದರ ಜೊತೆಗಿರುತ್ತದೆ. ನೋಡಿದವರಿಗೆ ಕಣ್ಣು ತುಂಬುತ್ತದೆ, ಪುಟ ತಿರುವುತ್ತಾರೆ. ಆ ಚಿತ್ರ ತೆಗೆಯುವುದಕ್ಕೆ ಮುಂಚೆ ಏನೇನು ನಡೆದಿರಬೇಕು, ಯಾರು ಯಾರಿಗೆ ಏನು ಕೊಟ್ಟಿರಬೇಕು ಎಂಬುದನ್ನು ಸುದ್ದಿ ಹೇಳುವುದಿಲ್ಲ. ಈ ಲೇಖನ ಅದನ್ನೇ ಬಿಡಿಸಿ ನೋಡುತ್ತದೆ. ಸಾಮೂಹಿಕ ಹಿಂಸೆಯ ನಂತರ ಆಫ್ರಿಕಾದ ಚರ್ಚ್‌ಗಳು ಮಾಡಿದ ಕೆಲಸವನ್ನು ಓದುತ್ತ ಬಂದಂತೆ ನನಗೆ ಖಚಿತವಾದದ್ದು ಒಂದೇ: ಕ್ಷಮೆಯ ಬೆಲೆಯನ್ನು ತಪ್ಪು ಮಾಡಿದವನಿಂದ ವಸೂಲು ಮಾಡಿದ ಕಡೆ ಈ ಕೆಲಸ ಗಟ್ಟಿಯಾಗಿ ನಿಂತಿದೆ. ಆ ಬೆಲೆಯನ್ನೂ ಬದುಕುಳಿದವರೇ ತೆರಲಿ ಎಂದ ಕಡೆ ಅದು ಹಳೆಯ ಗಾಯದ ಮೇಲೆ ಇನ್ನೊಂದು ಗಾಯ ಮಾಡಿದೆ.

ಕೊಲೆ ನಡೆದದ್ದೇ ಚರ್ಚ್‌ಗಳಲ್ಲಿ

ರುವಾಂಡಾದ ವಿಷಯದಲ್ಲಿ ಚರ್ಚ್ ಹೊರಗಿನಿಂದ ಮದ್ದು ಹಿಡಿದು ಬಂದ ವೈದ್ಯನಾಗಿರಲಿಲ್ಲ. 1991ರ ಜನಗಣತಿಯಲ್ಲಿ ಅಲ್ಲಿನ ಹತ್ತು ಜನರಲ್ಲಿ ಒಂಬತ್ತು ಮಂದಿ ಕ್ರೈಸ್ತರು. ಕ್ಯಾಥೊಲಿಕರೇ ಶೇ 60ಕ್ಕಿಂತ ಹೆಚ್ಚು. 1994ರ ಏಪ್ರಿಲ್ 3ರಂದು ಪಾಸ್ಕ (ಈಸ್ಟರ್) ಹಬ್ಬ. ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಹುಟು ಉಗ್ರವಾದಿಗಳ ಕೈಯಲ್ಲಿ ಅಲ್ಪಸಂಖ್ಯಾತ ಟುಟ್ಸಿ ಜನರ ಹತ್ಯೆ ಶುರುವಾಯಿತು. ಅದನ್ನು ವಿರೋಧಿಸಿದ ಹುಟು ಜನರನ್ನೂ ಬಿಡಲಿಲ್ಲ. ಸುಮಾರು ನೂರು ದಿನಗಳಲ್ಲಿ ಸತ್ತವರು ವಿಶ್ವಸಂಸ್ಥೆಯ ಅಂದಾಜಿನಲ್ಲಿ 8 ಲಕ್ಷ, ರುವಾಂಡಾ ಸರ್ಕಾರದ ಲೆಕ್ಕದಲ್ಲಿ 10 ಲಕ್ಷಕ್ಕೂ ಹೆಚ್ಚು. ಹಬ್ಬದ ದಿನ ಒಂದೇ ಚರ್ಚಿನಲ್ಲಿ ಹಾಡಿದ ಊರಿನವರು ವಾರ ಕಳೆಯುವುದರೊಳಗೆ ಬೇಟೆಗಾರರೂ ಬೇಟೆಯೂ ಆಗಿದ್ದರು.

1959ರಿಂದ 1960ರ ದಶಕದ ಮೊದಲ ವರ್ಷಗಳವರೆಗೆ ಗಲಭೆಗಳಾದಾಗ ಟುಟ್ಸಿಗಳು ಚರ್ಚ್ ಆವರಣಗಳಿಗೆ ಓಡಿ ಜೀವ ಉಳಿಸಿಕೊಂಡಿದ್ದರು. ಆ ನೆನಪಿನಿಂದಲೇ 1994ರಲ್ಲೂ ಅಲ್ಲಿಗೆ ಓಡಿದರು. ಎಷ್ಟೋ ಕಡೆ ಅಧಿಕಾರಿಗಳೇ ಅಲ್ಲಿ ಸೇರಿ ಎಂದು ಹೇಳಿ ಕಳಿಸಿದರು. ಜನ ಒಂದೇ ಕಡೆ ಗುಂಪಾದದ್ದು ಕೊಲ್ಲುವವರಿಗೆ ಅನುಕೂಲವಾಯಿತು. ನ್ಯಾಮಾಟ, ನ್ಟರಾಮ, ನ್ಯಾರುಬುಯೆ ಚರ್ಚ್‌ಗಳ ಒಳಗೆ ಸಾವಿರಾರು ಜನ ಸತ್ತರು. ನ್ಯಾಂಗೆ ಎಂಬಲ್ಲಿ ಚರ್ಚಿನೊಳಗೆ ಅಡಗಿದ್ದವರ ಮೇಲೆ ಕಟ್ಟಡವನ್ನೇ ಬುಲ್ಡೋಜರ್‌ನಿಂದ ಕೆಡವಲಾಯಿತು. ಅಲ್ಲಿನ ಗುರು ಅತನಾಸ್ ಸೆರೊಂಬಾಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2006ರಲ್ಲಿ 15 ವರ್ಷ ಶಿಕ್ಷೆ ಕೊಟ್ಟಿತು, 2008ರ ಮೇಲ್ಮನವಿಯಲ್ಲಿ ಅದನ್ನು ಜೀವಾವಧಿಗೆ ಏರಿಸಿತು. ಅಡ್ವೆಂಟಿಸ್ಟ್ ಸಭಾಪಾಲಕ ಎಲಿಜಾಫಾನ್ ನ್ಟಕಿರುಟಿಮಾನ ಅವರಿಗೆ 2003ರಲ್ಲೇ ಶಿಕ್ಷೆಯಾಗಿತ್ತು. ಸೋವು ಮಠದ ಇಬ್ಬರು ಸನ್ಯಾಸಿನಿಯರನ್ನು 2001ರಲ್ಲಿ ಬೆಲ್ಜಿಯಂನ ನ್ಯಾಯಾಲಯ ಅಪರಾಧಿಗಳೆಂದು ಹೇಳಿತು.

ಇದೆಲ್ಲ ಒಂದೇ ಏಪ್ರಿಲ್‌ನಲ್ಲಿ ಹುಟ್ಟಿದ್ದಲ್ಲ. 1900ರಲ್ಲಿ ಸಾವೆಯಲ್ಲಿ ಮೊದಲ ಮಿಷನ್ ಕಟ್ಟಿದ ‘ಬಿಳಿ ಪಾದ್ರಿಗಳು’ (ವೈಟ್ ಫಾದರ್ಸ್) ಎಂಬ ಪಂಗಡದವರು ಮೊದಮೊದಲು ಟುಟ್ಸಿ ಅರಸೊತ್ತಿಗೆಯ ಜೊತೆ ನಿಂತರು. ಟುಟ್ಸಿಗಳು ಹುಟ್ಟಿನಿಂದಲೇ ಆಳುವ ಜನ ಎಂಬ ಜನಾಂಗ ಸಿದ್ಧಾಂತವನ್ನು ಶಾಲೆಗಳಲ್ಲಿ ಬೆಳೆಸಿದರು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಜನಾಂಗ ನಮೂದಿಸಿದ ಗುರುತುಚೀಟಿ ಹಂಚಿತು. ಸ್ವಾತಂತ್ರ್ಯ ಹತ್ತಿರ ಬಂದಾಗ ಚರ್ಚ್ ಮಗ್ಗುಲು ಬದಲಿಸಿ ಹುಟು ರಾಜಕಾರಣದ ಬೆನ್ನಿಗೆ ನಿಂತಿತು. ದೇಶದ ಮೊದಲ ಚುನಾಯಿತ ಅಧ್ಯಕ್ಷ ಗ್ರೆಗೊರಿ ಕಯಿಬಾಂಡ ಕ್ಯಾಥೊಲಿಕ್ ಪತ್ರಿಕೆ ‘ಕಿನ್ಯಾಮಟೇಕ’ದ ಸಂಪಾದಕರಾಗಿದ್ದವರು. ಆಮೇಲೆ ಕಿಗಾಲಿಯ ಮಹಾಧರ್ಮಾಧ್ಯಕ್ಷ ವಿನ್ಸೆಂಟ್ ನ್ಸೆಂಗಿಯುಂವ ಅವರೇ ದೇಶದ ಏಕೈಕ ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲಿ ವರ್ಷಗಟ್ಟಲೆ ಸದಸ್ಯರಾಗಿದ್ದರು. ಆಡಳಿತದ ಊಟದ ಮೇಜಿಗೆ ಕೂತವರಿಗೆ ಆಡಳಿತ ಕೊಲ್ಲಲು ಹೊರಟಾಗ ಬೇಡ ಎನ್ನುವ ದನಿ ಉಳಿದಿರಲಿಲ್ಲ.

ಹಾಗೆಂದು ಎಲ್ಲರೂ ಒಂದೇ ಥರ ಇರಲಿಲ್ಲ. ನೂರಾರು ಗುರುಗಳು, ಸನ್ಯಾಸಿನಿಯರು ತಾವೇ ಕೊಲೆಯಾದರು. ಗಿಸೆನ್ಯಿಯಲ್ಲಿ ಫೆಲಿಸಿತೆ ನಿಯಿಟೆಗೆಕ ಎಂಬ ಹುಟು ಮಹಿಳೆ ಚರ್ಚ್‌ನ ಕೇಂದ್ರವೊಂದರಲ್ಲಿ ಟುಟ್ಸಿಗಳನ್ನು ಅಡಗಿಸಿಟ್ಟು ಗಡಿ ದಾಟಿಸುತ್ತಿದ್ದರು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅವರ ಸೋದರ ಅವರೊಬ್ಬರನ್ನು ಉಳಿಸಲು ಸಿದ್ಧನಿದ್ದ. ತನ್ನ ಬಳಿಯಿದ್ದವರನ್ನು ಬಿಟ್ಟು ಬರಲು ಆಕೆ ಒಪ್ಪಲಿಲ್ಲ, ಅವರ ಜೊತೆಯಲ್ಲೇ ಸತ್ತರು. ರಾಜ್ಯಶಾಸ್ತ್ರಜ್ಞ ಟಿಮೊಥಿ ಲಾಂಗ್‌ಮನ್ ಒಂದೇ ಪ್ರೆಸ್ಬಿಟೀರಿಯನ್ ಸಭೆಯ ಎರಡು ಊರುಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದಾರೆ. ಕಿರಿಂಡದಲ್ಲಿ ಚರ್ಚ್‌ನ ಸಂಸ್ಥೆಗಳು ಊರಿನ ಬಲಾಢ್ಯರ ಹಿಡಿತದಲ್ಲಿದ್ದವು, ಅದೇ ಬಲಾಢ್ಯರು ಹತ್ಯೆಯ ಮುಂದಾಳುಗಳಾದರು. ಬಿಗುಹುವಿನಲ್ಲಿ ಸಭೆ ವರ್ಷಗಳಿಂದ ಬಡ ರೈತರ ಸಂಘಗಳನ್ನು ಕಟ್ಟಿತ್ತು, ಅಲ್ಲಿನ ಜನ ಅಷ್ಟು ಸುಲಭವಾಗಿ ಕೊಲೆಗೆ ಕೈಜೋಡಿಸಲಿಲ್ಲ. ಬೋಧನೆ ಎರಡೂ ಕಡೆ ಒಂದೇ ಆಗಿತ್ತು. ಚರ್ಚ್ ಊರಿನಲ್ಲಿ ಯಾರ ಪಕ್ಕ ನಿಂತಿತ್ತು ಎಂಬುದರಲ್ಲಿ ಮಾತ್ರ ವ್ಯತ್ಯಾಸವಿತ್ತು. ಈ ಹೋಲಿಕೆಯನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ, ಏಕೆಂದರೆ ಹಿಂಸೆಯ ನಂತರದ ಕೆಲಸಕ್ಕೂ ಅದೇ ಅಳತೆಗೋಲು ಹೊಂದುತ್ತದೆ.

ತಪ್ಪೊಪ್ಪಿಕೊಳ್ಳುವ ವಿಷಯದಲ್ಲಿ ಚರ್ಚ್‌ಗಳ ವೇಗ ಬೇರೆಬೇರೆಯಾಗಿತ್ತು. ಪ್ರೆಸ್ಬಿಟೀರಿಯನ್ ಸಭೆ 1996ರಲ್ಲೇ ಸಭೆಯಾಗಿ ಕ್ಷಮೆ ಕೇಳಿತು. ಅದೇ ವರ್ಷ ಪೋಪ್ ಎರಡನೆಯ ಜಾನ್ ಪಾಲ್, ತಪ್ಪು ಮಾಡಿದ ವ್ಯಕ್ತಿಗಳು ಉತ್ತರ ಕೊಡಬೇಕು, ಆದರೆ ಚರ್ಚನ್ನೇ ಹೊಣೆ ಮಾಡಲಾಗದು ಎಂಬ ಅರ್ಥದಲ್ಲಿ ಬರೆದರು. ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಕ್ಷಮಾಪಣೆಯ ಪತ್ರ ದೇಶದ ಚರ್ಚ್‌ಗಳಲ್ಲಿ ಓದಲಾದದ್ದು 2016ರ ನವೆಂಬರ್ 20ರಂದು. ಅದೂ ಸಾಲದು ಎಂದಿತು ಸರ್ಕಾರ. 2017ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅಧ್ಯಕ್ಷ ಕಗಾಮೆಯವರನ್ನು ಕಂಡಾಗ ಚರ್ಚ್‌ನ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಧರ್ಮಾಧ್ಯಕ್ಷರು ಇಪ್ಪತ್ತೆರಡು ವರ್ಷ ಕಾಯಿಸಿದ್ದು ಸಣ್ಣ ಮಾತಲ್ಲ. ಊರೂರುಗಳಲ್ಲಿ ಗುರುಗಳು ರೈತನೊಬ್ಬನಿಗೆ ‘ನೀನು ಮಾಡಿದ್ದನ್ನು ಬಾಯಿಬಿಟ್ಟು ಹೇಳು’ ಎನ್ನುತ್ತಿದ್ದಾಗ, ಮೇಲಿನವರು ತಮ್ಮ ತಪ್ಪನ್ನು ಹಾಗೆ ಹೇಳಿರಲಿಲ್ಲ.

ಗುಟ್ಟಿನ ಪಾಪನಿವೇದನೆ, ಬಯಲಿನ ತಪ್ಪೊಪ್ಪಿಗೆ

2000ದ ಹೊತ್ತಿಗೆ ರುವಾಂಡಾದ ಜೈಲುಗಳಲ್ಲಿ ನರಮೇಧದ ಆರೋಪಿಗಳೇ ಸುಮಾರು 1 ಲಕ್ಷ 20 ಸಾವಿರ ಮಂದಿ ತುಂಬಿಕೊಂಡಿದ್ದರು. ಬಹುಪಾಲು ನ್ಯಾಯಾಧೀಶರು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು. ಮಾಮೂಲಿ ನ್ಯಾಯಾಲಯಗಳಿಗೆ ಬಿಟ್ಟರೆ ವಿಚಾರಣೆಗೆ ನೂರು ವರ್ಷವೂ ಸಾಲದು ಎಂಬ ಸ್ಥಿತಿ. ಆಗ ಸರ್ಕಾರ ಹಳೆಯ ಗಚಾಚ ಪದ್ಧತಿಯನ್ನು ಹೊಸ ಕಾನೂನಿನಲ್ಲಿ ತಂದಿತು. ನಮ್ಮ ಅರಳಿಕಟ್ಟೆಯ ಪಂಚಾಯ್ತಿಯ ಹಾಗೆ ಊರಿನವರೇ ಬಯಲಲ್ಲಿ ಕೂತು, ಊರಿನವರೇ ಆರಿಸಿದ ಪ್ರಾಮಾಣಿಕರ ಮುಂದೆ ವಿಚಾರಣೆ. 2002ರಲ್ಲಿ ಪ್ರಾಯೋಗಿಕವಾಗಿ, 2005ರಿಂದ ದೇಶದಾದ್ಯಂತ ನಡೆದು 2012ರ ಜೂನ್‌ನಲ್ಲಿ ಮುಗಿಯಿತು. ಸುಮಾರು 12 ಸಾವಿರ ಗಚಾಚಗಳು 19 ಲಕ್ಷಕ್ಕೂ ಹೆಚ್ಚು ಪ್ರಕರಣ ಮುಗಿಸಿದವು.

ಚರ್ಚ್‌ಗಳು ಈ ಕಾನೂನಿಗೆ ಎಲ್ಲಿ ಹೊಂದಿಕೊಂಡವು ಎಂದು ನೋಡಬೇಕು. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆಯಾಗುತ್ತಿತ್ತು, ಅದರಲ್ಲಿ ಒಂದು ಭಾಗವನ್ನು ಜೈಲಿನ ಬದಲು ಸಮುದಾಯ ಸೇವೆಯಾಗಿ ಕಳೆಯಬಹುದಿತ್ತು. ಆದರೆ ತಪ್ಪೊಪ್ಪಿಗೆ ಎಂದರೆ ‘ತಪ್ಪಾಯಿತು’ ಎಂಬ ಒಂದು ಮಾತಲ್ಲ. ಎಲ್ಲಿ, ಯಾವಾಗ, ಯಾರನ್ನು, ಹೇಗೆ ಎಂದು ಹೇಳಬೇಕು. ಜೊತೆಗಿದ್ದವರ ಹೆಸರು ಕೊಡಬೇಕು. ಹೆಣವನ್ನು ಎಲ್ಲಿ ಹಾಕಿದ್ದು ಎಂದು ತೋರಿಸಬೇಕು. ಬಹಿರಂಗವಾಗಿ ಕ್ಷಮೆ ಕೇಳಬೇಕು. ಇದರಲ್ಲಿ ಹೆಣದ ಜಾಗ ಹೇಳುವುದು ಬದುಕುಳಿದವರಿಗೆ ಎಲ್ಲಕ್ಕಿಂತ ದೊಡ್ಡದು. ಗಂಡನ, ಮಕ್ಕಳ ಮೂಳೆಗಳನ್ನು ತೊಳೆದು ಮಣ್ಣು ಮಾಡುವವರೆಗೆ ಅವರಿಗೆ ಬೇರೆ ಮಾತು ಕಿವಿಗೆ ಬೀಳುವುದಿಲ್ಲ.

ಜೈಲಿನೊಳಗೆ ಬೈಬಲ್ ಓದುವ ಗುಂಪುಗಳಿದ್ದವು, ಹೊಸದಾಗಿ ಹುಟ್ಟಿದೆವು ಎಂದು ಸಾಕ್ಷಿ ಹೇಳುವ ಪೆಂಟೆಕೋಸ್ಟಲ್ ಕೂಟಗಳಿದ್ದವು. ಒಪ್ಪಿಕೊಳ್ಳಿ ಎಂದು ಒತ್ತಾಯಿಸಿದವರಲ್ಲಿ ಅವರೂ ಇದ್ದರು. ತೊಂದರೆ ಹುಟ್ಟಿದ್ದೂ ಅಲ್ಲೇ. ಕ್ಯಾಥೊಲಿಕ್ ಪಾಪನಿವೇದನೆ ಗುರುವಿನ ಮತ್ತು ಪಾಪಿಯ ನಡುವಿನ ಗುಟ್ಟು. ಗುರು ಅದನ್ನು ಯಾರಿಗೂ ಹೇಳುವಂತಿಲ್ಲ. ಪೆಂಟೆಕೋಸ್ಟಲ್ ರೀತಿಯಲ್ಲಾದರೆ ಯೇಸುವನ್ನು ಒಪ್ಪಿಕೊಂಡ ಕ್ಷಣವೇ ಹಳೆಯದೆಲ್ಲ ತೊಳೆದುಹೋಗುತ್ತದೆ. ಎರಡರಲ್ಲೂ ಒಬ್ಬ ಕೊಲೆಗಾರ ದೇವರೊಂದಿಗೆ ತನ್ನ ಲೆಕ್ಕ ಮುಗಿಸಿಕೊಂಡು, ಬೇಲಿಯಾಚೆಯ ವಿಧವೆಗೆ ಏನೂ ಹೇಳದೆ ಹಾಯಾಗಿ ಇದ್ದುಬಿಡಬಹುದು. ‘ದೇವರು ನನ್ನನ್ನು ಕ್ಷಮಿಸಿದ್ದಾನೆ, ನೀನು ಯಾಕೆ ಕ್ಷಮಿಸುವುದಿಲ್ಲ’ ಎಂದು ಅವಳನ್ನೇ ತಪ್ಪಿತಸ್ಥಳ ಜಾಗದಲ್ಲಿ ನಿಲ್ಲಿಸಲೂಬಹುದು. ಸಮಾಧಾನದ ಕೆಲಸಕ್ಕೆ ಹೊರಟ ಯಾವುದೇ ಸಭೆ ಮೊದಲು ಮುಚ್ಚಬೇಕಾದ ಕಳ್ಳದಾರಿ ಇದೇ.

ಕ್ಯಾಥೊಲಿಕ್ ಚರ್ಚ್ 1998ರಿಂದ 2000ದವರೆಗೆ ಜನಾಂಗ ಭೇದದ ಬಗ್ಗೆ ವಿಶೇಷ ಸಿನೊಡ್ (ಧರ್ಮಸಭೆ) ನಡೆಸಿತು. ಧರ್ಮಕೇಂದ್ರಗಳಲ್ಲಿ ಜನರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ನಮ್ಮ ನಡುವೆ ಏನಾಯಿತು ಎಂದು ಮಾತಾಡಿಸಿತು. ಇದನ್ನು ಕ್ರೈಸ್ತ ಗಚಾಚ ಎಂದೇ ಕರೆದರು. ಸರ್ಕಾರಿ ಗಚಾಚಕ್ಕಿಂತ ಮುಂಚೆ ಊರಿನವರಿಗೆ ಬಾಯಿಬಿಟ್ಟು ಮಾತಾಡುವ ಅಭ್ಯಾಸ ಮಾಡಿಸಿದ್ದು ಇದರ ದೊಡ್ಡ ಉಪಕಾರ.

ಮುಶಾಕಾದಲ್ಲಿ ನಡೆಯುವುದು

ಮುಶಾಕಾದ ಕ್ರಮವನ್ನು ರೂಪಿಸಿದವರು ಫಾದರ್ ಉಬಾಲ್ಡ್ ರುಗಿರಂಗೋಗ. ಟುಟ್ಸಿ ಗುರು. ನರಮೇಧದಲ್ಲಿ ಅವರ ತಾಯಿಯೂ ಬಂಧುಬಳಗದ ಎಂಬತ್ತಕ್ಕೂ ಹೆಚ್ಚು ಜನರೂ ಹೋದರು. ತಾಯಿಯ ಸಾವಿಗೆ ಕಾರಣನಾದವನನ್ನು ಕ್ಷಮಿಸಿ, ಅವನ ಮಕ್ಕಳ ಶಾಲೆಯ ಖರ್ಚು ತಾವೇ ಹೊತ್ತರು. 2021ರ ಜನವರಿಯಲ್ಲಿ ಕೋವಿಡ್ ನಂತರದ ತೊಡಕುಗಳಿಂದ ಅಮೆರಿಕದಲ್ಲಿ ತೀರಿಕೊಂಡರು. ಅವರ ಜೀವನದ ಬಗ್ಗೆ ಹೇಳುವವರೆಲ್ಲ ಆ ಕ್ಷಮೆಯನ್ನು ನೆನೆಯುತ್ತಾರೆ, ನೆನೆಯಲೇಬೇಕು. ನನಗೆ ಮಾತ್ರ ಅವರ ದೊಡ್ಡತನ ಇನ್ನೊಂದು ಕಡೆ ಕಾಣುತ್ತದೆ. ತಮ್ಮಿಂದಾದದ್ದು ಎಲ್ಲರಿಂದಲೂ ತಾನಾಗಿ ಆಗಲಿ ಎಂದು ಅವರು ಕಾದು ಕೂರಲಿಲ್ಲ. ಸಾಮಾನ್ಯರು ಹತ್ತಬಹುದಾದ ಮೆಟ್ಟಿಲು ಕಟ್ಟಿದರು.

ಆ ಮೆಟ್ಟಿಲುಗಳಲ್ಲಿ ಮೊದಲನೆಯದು ಕಾಲಾವಧಿ. ಆರು ತಿಂಗಳ ಬೋಧನೆ ಎಂದರೆ ದೊಡ್ಡವರು ಜ್ಞಾನಸ್ನಾನಕ್ಕೆ ತಯಾರಾಗುವಂತೆ ವಾರವಾರವೂ ಬರುವುದು. ನರಮೇಧ ಮಾಡಿದವನು ಸಭೆಯಿಂದ ತನ್ನನ್ನು ತಾನೇ ಹೊರಗೆ ಹಾಕಿಕೊಂಡವನು, ಮತ್ತೆ ಒಳಗೆ ಬರಲು ಹೊಸಬನಂತೆ ಕಲಿಯಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ. ಜೈಲಿನಲ್ಲಿ ವರ್ಷಗಟ್ಟಲೆ ‘ಸರ್ಕಾರ ಹೇಳಿತು, ಮಾಡಿದೆವು’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬಂದವರು ಒಂದು ದಿನದ ಉಪದೇಶಕ್ಕೆ ಬದಲಾಗುವುದಿಲ್ಲ.

ಎರಡನೆಯದು, ಬದುಕುಳಿದವರಿಗೂ ಬೇರೆಯಾಗಿ ತಯಾರಿ ನಡೆಯುತ್ತದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕೊಂದವನು ಒಂದು ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಅಂಗಳಕ್ಕೆ ಬಂದು ಮಂಡಿಯೂರಿದರೆ ಅದು ಅವಳ ಪಾಲಿಗೆ ಎರಡನೇ ದಾಳಿ. ಅವಳು ಮೊದಲು ತನ್ನಂಥ ಇತರರ ಜೊತೆ ಕೂತು ಅಳಬೇಕು, ಸಿಟ್ಟಾಗಬೇಕು, ಏನು ಕೇಳಬೇಕು ಎಂದು ಯೋಚಿಸಬೇಕು.

ಮೂರನೆಯದು ಭೇಟಿ. ಅವನು ಹೇಳುತ್ತಾನೆ, ಅವಳು ಪ್ರಶ್ನೆ ಕೇಳುತ್ತಾಳೆ. ಕದ್ದ ಹೆಂಚು, ಹಸು, ಬಾಗಿಲುಗಳ ಪರಿಹಾರ ಬಾಕಿಯಿದ್ದರೆ ಆ ಮಾತೂ ಬರುತ್ತದೆ. ಗಚಾಚದಲ್ಲಿ ಆಸ್ತಿ ನಷ್ಟಕ್ಕೆ ಪರಿಹಾರ ಕೊಡುವಂತೆ ತೀರ್ಪಾಗಿ, ಬಡತನದ ಕಾರಣಕ್ಕೋ ಮನಸ್ಸಿಲ್ಲದ್ದಕ್ಕೋ ಕೊಡದೆ ಉಳಿದ ಪ್ರಕರಣಗಳು ದೇಶದ ತುಂಬ ಇದ್ದವು. ದುಡ್ಡಿಲ್ಲದವನು ಅವಳ ಹೊಲದಲ್ಲಿ ದುಡಿಯಬಹುದು.

ಕೊನೆಯದು ಬಲಿಪೂಜೆಯಲ್ಲಿ ಎಲ್ಲರ ಮುಂದೆ ನಡೆಯುವ ಸಮಾಧಾನ. ಗುಟ್ಟಿನ ಪಾಪನಿವೇದನೆಯ ಕಳ್ಳದಾರಿ ಇಲ್ಲಿ ಪೂರ್ತಿ ಮುಚ್ಚುತ್ತದೆ. ಊರಿನ ಮುಂದೆ ಮಾಡಿದ ಪಾಪಕ್ಕೆ ಊರಿನ ಮುಂದೆಯೇ ಉತ್ತರ.

ಇಡೀ ಕ್ರಮಕ್ಕೆ ಬಲ ಬಂದದ್ದು ಎಲ್ಲಿಂದ ಎಂದರೆ, ಚರ್ಚ್ ತನ್ನ ಬಳಿಯಿರುವ ಅತ್ಯಂತ ಅಮೂಲ್ಯ ವಸ್ತುವನ್ನು ತಡೆಹಿಡಿದದ್ದರಿಂದ. ಪರಮಪ್ರಸಾದವಿಲ್ಲದೆ ಸಾಯುವುದು ಒಬ್ಬ ಕ್ಯಾಥೊಲಿಕ್ ರೈತನಿಗೆ ದೊಡ್ಡ ಭಯ. ಜೈಲು ಕೊಡಲಾಗದ ಒತ್ತಡ ಅದು. ಕ್ಷಮೆಯನ್ನು ಪುಕ್ಕಟೆ ಹಂಚುವ ಸಭೆಗೆ ಈ ಬಲ ಇರುವುದಿಲ್ಲ.

ಮೊಳೆ, ಇಟ್ಟಿಗೆ, ಉಳಿತಾಯ

ಪ್ರೊಟೆಸ್ಟೆಂಟರ ಕಡೆ ಹೆಚ್ಚು ಹರಡಿದ್ದು ಮೂರು ದಿನಗಳ ಶಿಬಿರಗಳು. ವೇಲ್ಸ್‌ನ ಮನೋವೈದ್ಯೆ ರಿಯಾನನ್ ಲಾಯ್ಡ್ ನರಮೇಧದ ಬೆನ್ನಲ್ಲೇ ಬಂದು, ರುವಾಂಡಾದ ಸಭಾಪಾಲಕರ ಜೊತೆ ಸೇರಿ ಇವನ್ನು ಕಟ್ಟಿದರು. ಹುಟು, ಟುಟ್ಸಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಮೊದಲು ನೋವಿನ ಮಾತು. ಗಂಡಸಿನ ಕಣ್ಣೀರು ಹೊಟ್ಟೆಯೊಳಗೇ ಹರಿಯಬೇಕು ಎಂಬ ಗಾದೆಯಿರುವ ನಾಡು ಅದು. ಅಲ್ಲಿ ಅಳುವುದಕ್ಕೆ ಅನುಮತಿ ಕೊಡುವುದೇ ಮೊದಲ ಚಿಕಿತ್ಸೆಯಾಯಿತು. ಆಮೇಲೆ ತಮಗಾದ ಅತಿ ದೊಡ್ಡ ನೋವನ್ನು ಚೀಟಿಯಲ್ಲಿ ಬರೆದು, ಇನ್ನೊಬ್ಬರಿಗೆ ಹೇಳಿ, ಆ ಚೀಟಿಯನ್ನು ಮರದ ಶಿಲುಬೆಗೆ ಮೊಳೆ ಹೊಡೆಯುತ್ತಾರೆ. ಕೊನೆಗೆ ಚೀಟಿಗಳನ್ನು ಹೊರಗೆ ಒಯ್ದು ಸುಡುತ್ತಾರೆ. ಹೊರಗಿನವರಿಗೆ ಇದು ನಾಟಕದಂತೆ ಕಾಣಬಹುದು. ಓದು ಬರಹ ಕಡಿಮೆಯಿರುವ, ಮನೋವೈದ್ಯರು ಬೆರಳೆಣಿಕೆಯಷ್ಟೂ ಇಲ್ಲದ ದೇಶದಲ್ಲಿ ಜನರಿಗೆ ಮೊದಲೇ ಗೊತ್ತಿದ್ದ ಒಂದು ಚಿಹ್ನೆಯ ಮೇಲೆ ದುಃಖವನ್ನು ಇಳಿಸಿಡಲು ಇದು ದಾರಿ ಮಾಡಿಕೊಟ್ಟಿತು.

ಪ್ರಿಸನ್ ಫೆಲೊಶಿಪ್ ರುವಾಂಡಾ ಎಂಬ ಕ್ರೈಸ್ತ ಸಂಸ್ಥೆ ಬಿಡುಗಡೆಯಾದವರನ್ನೂ ಬದುಕುಳಿದವರನ್ನೂ ಒಂದೇ ಹಳ್ಳಿಯಲ್ಲಿ ನೆಲೆಗೊಳಿಸುವ ಕೆಲಸ ಹಿಡಿಯಿತು. ಬುಗೆಸೆರಾ ಜಿಲ್ಲೆಯ ಎಂಬ್ಯೊ ಇಂಥ ಹಳ್ಳಿಗಳಲ್ಲಿ ಹೆಸರಾದದ್ದು. ಎರಡೂ ಕಡೆಯವರು ಸೇರಿ ಇಟ್ಟಿಗೆ ಮಾಡಿ, ಗೋಡೆ ಎಬ್ಬಿಸಿ ಮನೆ ಕಟ್ಟಿಕೊಂಡರು. ನರಮೇಧದಲ್ಲಿ ಸುಟ್ಟ ಮನೆಗಳಿಂದಾಗಿ ವಿಧವೆಯರಿಗೆ ಸೂರು ಇರಲಿಲ್ಲ, ಜೈಲಿನಿಂದ ಬಂದವರಿಗೂ ಇರಲಿಲ್ಲ. ಅಗತ್ಯ ಇಬ್ಬರದೂ ಒಂದೇ ಆಗಿದ್ದರಿಂದ ಒಟ್ಟಿಗೆ ಮಣ್ಣು ತುಳಿಯುವುದು ಸಾಧ್ಯವಾಯಿತು. ನಮ್ಮ ಸ್ವಸಹಾಯ ಸಂಘಗಳಂಥ ಉಳಿತಾಯ ಗುಂಪುಗಳು ರುವಾಂಡಾದ ಹಳ್ಳಿಗಳಲ್ಲಿ ಸಾಮಾನ್ಯ. ವಾರವಾರ ದುಡ್ಡು ಹಾಕಿ, ಸರದಿಯಂತೆ ಸಾಲ ಪಡೆಯುವಾಗ ಒಬ್ಬರನ್ನೊಬ್ಬರು ನಂಬದೆ ವಿಧಿಯಿಲ್ಲ. ನಂಬಿಕೆ ಮತ್ತೆ ಹುಟ್ಟುವುದು ಭಾಷಣದಿಂದಲ್ಲ, ಇಂಥ ಸಣ್ಣ ಲೇವಾದೇವಿಯಿಂದ ಎಂಬುದನ್ನು ಈ ಕೆಲಸದಲ್ಲಿರುವವರು ಬೇಗ ಕಂಡುಕೊಂಡರು.

ಕಟ್ಟಡಗಳ ಪ್ರಶ್ನೆಯೂ ಇತ್ತು. ಸಾವಿರಾರು ಜನ ಸತ್ತ ಚರ್ಚಿನಲ್ಲಿ ಮತ್ತೆ ಮದುವೆ ಮಾಡಿಸುವುದು ಹೇಗೆ? ಬದುಕುಳಿದವರು ಸ್ಮಾರಕ ಕೇಳಿದರು, ಚರ್ಚ್ ಹಲವು ಕಡೆ ಪೂಜೆ ಮುಂದುವರಿಸಬೇಕೆಂದಿತು. ಉತ್ತರ ಊರಿಗೊಂದಾಯಿತು. ನ್ಯಾಮಾಟ, ನ್ಟರಾಮ ಸ್ಮಾರಕಗಳಾದವು. ನ್ಯಾಮಾಟ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಿಗಾಲಿಯ ಸೇಂಟ್ ಫಮೀಯ್ ಚರ್ಚ್‌ನಲ್ಲಿ ಪೂಜೆ ಮತ್ತೆ ಶುರುವಾಯಿತು.

ದುಃಖಿಸುವ ಹಕ್ಕು ಯಾರಿಗೆ

ಈ ಕೆಲಸದ ಮಿತಿಗಳನ್ನು ಮರೆಮಾಚಿದರೆ ಬದುಕುಳಿದವರಿಗೆ ದ್ರೋಹ ಮಾಡಿದಂತೆ. ಮೊದಲ ಮಿತಿ, ಒಲ್ಲೆ ಎನ್ನುವ ಹಕ್ಕಿನದು. ಕ್ಷಮೆಯನ್ನು ಸರ್ಕಾರವೂ ಹೊಗಳುತ್ತದೆ, ಪೂಜಾಪೀಠದಿಂದಲೂ ಅದೇ ಮಾತು ಬರುತ್ತದೆ. ಅಂಥ ಕಡೆ ಒಬ್ಬ ವಿಧವೆ ‘ನನ್ನಿಂದ ಆಗದು’ ಎನ್ನಲು ಅಪಾರ ಧೈರ್ಯ ಬೇಕು. ಕ್ಷಮಿಸದವಳ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲ ಎಂದು ಬೋಧಿಸಿದ ಪ್ರತಿ ಸಭಾಪಾಲಕನೂ ಕೊಂದವನ ಹೊರೆಯನ್ನು ಅವಳ ತಲೆಗೆ ಹೊರಿಸಿದ್ದಾನೆ. ಮುಶಾಕಾದಂಥ ಕ್ರಮವೂ ಈ ಅಪಾಯದಿಂದ ಪೂರ್ತಿ ಪಾರಾಗಲಾರದು, ಏಕೆಂದರೆ ಅವನಿಗೆ ಪರಮಪ್ರಸಾದ ಸಿಗುವುದು ಅವಳ ಒಪ್ಪಿಗೆಯ ಮೇಲೆ ನಿಂತಿರುತ್ತದೆ, ಅದು ಊರಿಗೆಲ್ಲ ಗೊತ್ತಿರುತ್ತದೆ.

ಎರಡನೆಯದು ಇನ್ನೂ ಕಠಿಣ. 1994ರಲ್ಲಿ ನರಮೇಧವನ್ನು ನಿಲ್ಲಿಸಿ ಅಧಿಕಾರಕ್ಕೆ ಬಂದ ರುವಾಂಡನ್ ಪೇಟ್ರಿಯಾಟಿಕ್ ಫ್ರಂಟ್‌ನ (ಆರ್‌ಪಿಎಫ್) ಸೈನಿಕರೂ ನಾಗರಿಕರನ್ನು ಕೊಂದಿದ್ದಾರೆ. ಆ ಜೂನ್‌ನಲ್ಲಿ ಗಕುರಾಜೊದಲ್ಲಿ ಮೂವರು ಧರ್ಮಾಧ್ಯಕ್ಷರನ್ನು, ಗುರುಗಳನ್ನು ಕೊಂದವರು ಅವರೇ. ಇದು ನರಮೇಧಕ್ಕೆ ಸಮನಲ್ಲ, ಸಮ ಎಂದು ವಾದಿಸುವವರ ಉದ್ದೇಶ ಬೇರೆಯೇ ಇರುತ್ತದೆ. ಆದರೆ ಹಾಗೆ ಸತ್ತವರ ಮಕ್ಕಳೂ ಅದೇ ಚರ್ಚಿನಲ್ಲಿ ಕೂರುತ್ತಾರೆ. ಅವರ ವಿಷಯ ಗಚಾಚದ ವ್ಯಾಪ್ತಿಗೆ ಬರಲಿಲ್ಲ, ಏಪ್ರಿಲ್‌ನ ಸ್ಮರಣೆಯಲ್ಲೂ ಅವರಿಗೆ ಜಾಗವಿಲ್ಲ.

ಗಾಯಕ ಕಿಜಿಟೊ ಮಿಹಿಗೊ ಈ ಗೆರೆಯನ್ನು ದಾಟಿದರು. ಅವರು ನರಮೇಧದಲ್ಲಿ ತಂದೆಯನ್ನು ಕಳೆದುಕೊಂಡ ಟುಟ್ಸಿ, ದೈವಭಕ್ತ ಕ್ಯಾಥೊಲಿಕ್. ಚರ್ಚ್‌ಗಳಲ್ಲಿ ಇಂದಿಗೂ ಹಾಡುವ ಗೀತೆಗಳಿಗೆ ರಾಗ ಕಟ್ಟಿದವರು, ಶಾಲೆ ಜೈಲುಗಳಲ್ಲಿ ಸಮಾಧಾನದ ಕೆಲಸ ಮಾಡುತ್ತಿದ್ದವರು, ಸರ್ಕಾರಿ ಸಮಾರಂಭಗಳಲ್ಲೂ ಹಾಡುತ್ತಿದ್ದವರು. 2014ರಲ್ಲಿ ಅವರ ಹಾಡೊಂದು ನರಮೇಧವೆಂದು ಹೆಸರು ಪಡೆಯದ ಹಿಂಸೆಯಲ್ಲಿ ಸತ್ತವರನ್ನೂ ಮನುಷ್ಯರೆಂದು ನೆನೆಯಿತು. ಹಾಡು ನಿಷೇಧಕ್ಕೊಳಗಾಯಿತು. ಅದೇ ಏಪ್ರಿಲ್‌ನಲ್ಲಿ ಅವರ ಬಂಧನವಾಯಿತು. 2015ರಲ್ಲಿ ಸರ್ಕಾರದ ವಿರುದ್ಧ ಸಂಚಿನ ಆರೋಪದಲ್ಲಿ ಹತ್ತು ವರ್ಷ ಶಿಕ್ಷೆ, 2018ರಲ್ಲಿ ಕ್ಷಮಾದಾನ. 2020ರ ಫೆಬ್ರುವರಿಯಲ್ಲಿ ಮತ್ತೆ ಪೊಲೀಸ್ ವಶದಲ್ಲಿದ್ದಾಗ ಸತ್ತರು. ಪೊಲೀಸರು ಆತ್ಮಹತ್ಯೆ ಎಂದರು. ಮಾನವಹಕ್ಕು ಸಂಸ್ಥೆಗಳು ಸ್ವತಂತ್ರ ತನಿಖೆ ಕೇಳಿದವು.

ಈ ಸಾವು ನನ್ನನ್ನು ಬಹಳ ಕಾಡುತ್ತದೆ. ಆಳುವವರಿಗೆ ತೀರ ಹತ್ತಿರವಿದ್ದದ್ದರಿಂದ ಚರ್ಚ್ 1994ರಲ್ಲಿ ಸೋತಿತು. ಇಂದು ಅದೇ ಚರ್ಚ್ ಆಳುವವರಿಗೆ ಹೆದರಿ ಅರ್ಧದಷ್ಟು ದುಃಖಕ್ಕೆ ಮಾತ್ರ ಜಾಗ ಕೊಟ್ಟರೆ, ಉಳಿದರ್ಧ ಎಲ್ಲಿ ಹೋಗುತ್ತದೆ? 2018ರ ಕಾನೂನು ಸಭಾಪಾಲಕರಿಗೆ ದೈವಶಾಸ್ತ್ರದ ಪದವಿ ಕಡ್ಡಾಯ ಮಾಡಿತು, ನಿಯಮ ಪಾಲಿಸದ ಸಾವಿರಾರು ಪ್ರಾರ್ಥನಾಲಯಗಳನ್ನು ಮುಚ್ಚಿಸಲಾಯಿತು. ಅವುಗಳಲ್ಲಿ ಹಲವು ನಿಜವಾಗಿಯೂ ಶಿಥಿಲ ಕಟ್ಟಡಗಳೇ. ಆದರೂ ಬಾಗಿಲು ತೆರೆದಿಡಲು ಅನುಮತಿ ಬೇಕಾದ ಸಭೆ ಯಾವ ಸತ್ಯವನ್ನು ಎಷ್ಟು ಗಟ್ಟಿಯಾಗಿ ಹೇಳೀತು ಎಂದು ಊಹಿಸುವುದು ಕಷ್ಟವಲ್ಲ.

ಉತ್ತರ ಉಗಾಂಡಾದ ಬೇರೆ ದಾರಿ

ಹೋಲಿಕೆಗೆ ಉಗಾಂಡಾದ ಉತ್ತರದ ಅಚೋಲಿ ನಾಡನ್ನು ನೋಡಬಹುದು. ಅಲ್ಲಿ ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಮಕ್ಕಳನ್ನು ಕದ್ದೊಯ್ದು ಕೊಲ್ಲಲು ಕಲಿಸುತ್ತಿತ್ತು. ಸರ್ಕಾರ ಜನರನ್ನು ಶಿಬಿರ ಎಂಬ ಹೆಸರಿನ ಕೊಂಪೆಗಳಿಗೆ ದೂಡಿತ್ತು. 1996ರ ಅಕ್ಟೋಬರ್‌ನಲ್ಲಿ ಅಚೋಲಿ ನಾಡಿನ ಪಕ್ಕದ ಅಬೋಕೆಯ ಶಾಲೆಯಿಂದ 139 ಹುಡುಗಿಯರನ್ನು ಬಂಡುಕೋರರು ಒಯ್ದಾಗ, ಸಿಸ್ಟರ್ ರಾಕೆಲೆ ಫಸ್ಸೆರಾ ಕಾಡಿನಲ್ಲಿ ಅವರ ಜಾಡು ಹಿಡಿದು ಹೋಗಿ 109 ಮಂದಿಯನ್ನು ಬಿಡಿಸಿಕೊಂಡು ಬಂದರು. ಮೂವತ್ತು ಮಂದಿ ಅಲ್ಲೇ ಉಳಿದರು.

ಇಲ್ಲಿ ಕ್ಯಾಥೊಲಿಕ್, ಆಂಗ್ಲಿಕನ್, ಆರ್ಥಡಾಕ್ಸ್ ನಾಯಕರೂ ಮುಸ್ಲಿಂ ಮುಖಂಡರೂ 1990ರ ದಶಕದ ಕೊನೆಗೆ ಅಚೋಲಿ ಧಾರ್ಮಿಕ ನಾಯಕರ ಶಾಂತಿ ಒಕ್ಕೂಟ ಕಟ್ಟಿದರು. ಸರ್ಕಾರ, ಬಂಡುಕೋರರು ಇಬ್ಬರಿಗೂ ಸೇರದೆ ನಡುವೆ ನಿಂತರು. ಕಾಡಿಗೆ ಹೋಗಿ ಮಾತಾಡಿದರು. ಇಬ್ಬರಿಂದಲೂ ಅನುಮಾನಕ್ಕೆ ಗುರಿಯಾದರು. 2000ದ ಕ್ಷಮಾದಾನ ಕಾನೂನಿಗೆ ಒತ್ತಾಯಿಸಿದರು. ಅದರಡಿ ಮುಂದೆ ಬೇರೆಬೇರೆ ಬಂಡಾಯಗಳ 26 ಸಾವಿರಕ್ಕೂ ಹೆಚ್ಚು ಜನ ಆಯುಧ ಬಿಟ್ಟು ಬಂದರು. ಅಪಹರಣಕ್ಕೆ ಹೆದರಿ ಹಳ್ಳಿಗಳ ಸಾವಿರಾರು ಮಕ್ಕಳು ರಾತ್ರಿ ಮಲಗಲು ಗುಲು ಪಟ್ಟಣಕ್ಕೆ ನಡೆದು ಬರುತ್ತಿದ್ದಾಗ, 2003ರ ಜೂನ್‌ನಲ್ಲಿ ಮಹಾಧರ್ಮಾಧ್ಯಕ್ಷ ಜಾನ್ ಬ್ಯಾಪ್ಟಿಸ್ಟ್ ಒಡಾಮ, ಆಂಗ್ಲಿಕನ್ ಬಿಷಪ್ ಮ್ಯಾಕ್ಲಿಯಡ್ ಓಚೋಲ ಮತ್ತು ಸಂಗಡಿಗರು ನಾಲ್ಕು ರಾತ್ರಿ ಆ ಮಕ್ಕಳ ಜೊತೆ ಬಸ್ ನಿಲ್ದಾಣದಲ್ಲಿ ಮಲಗಿದರು. ಓಚೋಲ ಅವರ ಪತ್ನಿ ನೆಲಬಾಂಬಿಗೆ ಬಲಿಯಾದವರು. ಅತ್ಯಾಚಾರಕ್ಕೊಳಗಾದ ಮಗಳು ತನ್ನ ಜೀವ ತಾನೇ ತೆಗೆದುಕೊಂಡಿದ್ದಳು. ಅಷ್ಟಾದ ಮೇಲೂ ಅವರು ಕ್ಷಮಾದಾನದ ಪರ ಮಾತಾಡಿದರು.

ಅಚೋಲಿಗಳಲ್ಲಿ ಮಾಟೊ ಒಪುಟ್ ಎಂಬ ಹಳೆಯ ಕ್ರಮವಿದೆ. ಕೊಂದವನ ಕುಲ ತಪ್ಪೊಪ್ಪಿ ಪರಿಹಾರ ಕೊಟ್ಟ ಮೇಲೆ ಎರಡೂ ಕುಲದವರು ಒಂದೇ ಪಾತ್ರೆಯಿಂದ ಕಹಿ ಬೇರಿನ ರಸ ಕುಡಿಯುತ್ತಾರೆ. ಇದು ಅನ್ಯದೈವಗಳ ಆಚರಣೆ ಎಂದು ಕೆಲವು ಪೆಂಟೆಕೋಸ್ಟಲ್ ಸಭೆಗಳು ದೂರವಿಟ್ಟವು. ಒಕ್ಕೂಟದ ನಾಯಕರು ಅದನ್ನು ಕ್ರೈಸ್ತ ಸಮಾಧಾನಕ್ಕೆ ಸೋದರನೆಂದು ಒಪ್ಪಿಕೊಂಡರು. ಸತ್ಯ, ಪರಿಹಾರ, ಸಭೆಯ ಮುಂದೆ ಸೇರುವುದು: ಮುಶಾಕಾದ ಮೆಟ್ಟಿಲುಗಳು ಇಲ್ಲೂ ಇವೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2005ರಲ್ಲಿ ಕೋನಿ ಮತ್ತಿತರರ ಬಂಧನಕ್ಕೆ ವಾರಂಟ್ ಹೊರಡಿಸಿದಾಗ, ಇದು ಮಾತುಕತೆ ಕೆಡಿಸುತ್ತದೆ ಎಂದು ಒಕ್ಕೂಟದ ನಾಯಕರು ವಿರೋಧಿಸಿದರು. ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ, ಬಂಡುಕೋರರ ಮೇಲಿನ ನಾಯಕರಿಗೆ ನ್ಯಾಯಾಲಯವೇ ಸರಿ. ಕದ್ದೊಯ್ದ ಮಕ್ಕಳಿಗೆ ಮಾತ್ರ ಕಹಿಬೇರು ಸಾಕು.

ಮೊಜಾಂಬಿಕ್‌ನ ದಾರಿ ಇನ್ನೂ ಬೇರೆ. ಅಂತರ್ಯುದ್ಧ ಕೊನೆಗಾಣಿಸಿದ 1992ರ ಶಾಂತಿ ಒಪ್ಪಂದ ಕುದುರಿದ್ದು ರೋಮ್‌ನ ಸಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯದ ಮಧ್ಯಸ್ಥಿಕೆಯಲ್ಲಿ. ಎಲ್ಲರಿಗೂ ಕ್ಷಮಾದಾನ ಸಿಕ್ಕಿತು, ಸತ್ಯಶೋಧನೆ ನಡೆಯಲಿಲ್ಲ. ಆದರೆ ಅಲ್ಲಿನ ಕ್ರೈಸ್ತ ಒಕ್ಕೂಟ ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಅವರ ನೇತೃತ್ವದಲ್ಲಿ 1995ರಿಂದ ಬಂದೂಕು ತಂದವರಿಗೆ ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ ಕೊಟ್ಟಿತು. ಕತ್ತರಿಸಿದ ಬಂದೂಕುಗಳಿಂದ ಕಲಾವಿದರು ಶಿಲ್ಪ ಮಾಡಿದರು.

ಮತ್ತೆ ರುವಾಂಡಾಕ್ಕೆ ಬಂದರೆ, ಅಲ್ಲಿ ಈಗಿನ ತುರ್ತು ಬೇರೆ. 25, 30 ವರ್ಷಗಳ ಶಿಕ್ಷೆ ಪಡೆದಿದ್ದವರು ಈ ವರ್ಷಗಳಲ್ಲಿ ಹೊರಬರುತ್ತಿದ್ದಾರೆ. ಅವರು ಬೇಗ ತಪ್ಪೊಪ್ಪಿಕೊಂಡು ಬಿಡುಗಡೆಯಾದ ಮೊದಲ ತಂಡದವರಲ್ಲ, ಹಲವರು ಕೊನೆಯವರೆಗೂ ಒಪ್ಪಿಕೊಳ್ಳದವರು. ಯುವಕರಾಗಿ ಹೋದವರು ಮುದುಕರಾಗಿ ಬರುತ್ತಾರೆ. ಹೆಂಡತಿ ಮಕ್ಕಳಿಗೇ ಅಪರಿಚಿತರು. ಬದುಕುಳಿದವರಿಗೂ ವಯಸ್ಸಾಗಿದೆ, ಎಷ್ಟೋ ಹೆಣಗಳ ಜಾಗ ಇನ್ನೂ ತಿಳಿದಿಲ್ಲ. ಹಾಗಾಗಿ ಬೋಧನೆ ಜೈಲಿನ ಗೋಡೆಯೊಳಗೇ ಶುರುವಾಗಬೇಕು. ಇಂಥವನು ಇಂಥ ತಿಂಗಳು ಬರುತ್ತಾನೆ ಎಂದು ಆ ಊರಿನ ವಿಧವೆಗೆ ಧರ್ಮಕೇಂದ್ರದಿಂದ ಯಾರಾದರೂ ಮುಂಚೆಯೇ ಹೋಗಿ ಹೇಳಬೇಕು. ಅವಳು ಸಂತೆಯಲ್ಲಿ ಅವನನ್ನು ದಿಢೀರನೆ ಕಾಣುವಂತಾಗಬಾರದು.